ಪಡಸಾಲೆಯ ಉಪ್ಪುನೀರು

ಬರ್ಕ್ಲಿಯ ಕಡೆಯ ಕೊಲ್ಲಿಯ ದಂಡೆಯ ಒಂದು ಊರಿನ ಹೊಲಸು ನೀರನ್ನು ತಿಳಿಮಾಡುವ ಘಟಕದ ಕೆಲಸದಲ್ಲಿ ಸಿದ್ರಾಮಪ್ಪ ಮೂವತ್ತು ವರ್ಷ ಕಳೆದ. ಅಷ್ಟೂ ವರ್ಷ, ಕೆಲಸದಿಂದ ಬಂದವನು ಮೊದಲು ಗ್ಯಾರೇಜಿನಲ್ಲಿ ಬೂಟು ಕಳಚಬೇಕು, ಅಲ್ಲೇ ಮೂಲೆಯಲ್ಲಿ ತಾನೇ ಜೋಡಿಸಿಕೊಂಡ ಶವರಿನ ಕೆಳಗೆ ಸ್ನಾನ ಮಾಡಬೇಕು, ಹೆಂಡತಿ ಬಂಗಾರೆವ್ವ ಬಾಗಿಲ ಹಿಡಿಕೆಗೆ ನೇತುಹಾಕಿದ ಒಗೆದ ಬಟ್ಟೆ ಹಾಕಿಕೊಳ್ಳಬೇಕು. ಆಮೇಲೆ ಒಳಗೆ ಚಹಾ. ಅವನು ಘಟಕದಲ್ಲಿ ಒಮ್ಮೆ ಮಿಂದೇ ಹೊರಟಿರುತ್ತಿದ್ದ. ಆದರೂ ಗ್ಯಾರೇಜಿನ ಸ್ನಾನ ತಪ್ಪುತ್ತಿರಲಿಲ್ಲ. ಬಂಗಾರೆವ್ವನ ಮೂಗು ಅಂಥದ್ದು. ಪಕ್ಕದ ಬೀದಿಯಲ್ಲಿ ಹಾಲು ಉಕ್ಕಿದರೂ ಅವಳಿಗೆ ತಿಳಿಯುತ್ತದೆ ಎಂದು ಮಗ ಸುಮನ್ ಗೆಳೆಯರ ಮುಂದೆ ಹೇಳಿ ನಗಿಸುತ್ತಿದ್ದ.

ಕನ್ನಡಿಗರ ಕೂಟಗಳಲ್ಲಿ ಯಾರಾದರೂ "ನಿಮ್ಮ ಯಜಮಾನ್ರು ಯಾವ ಕಂಪನಿ?" ಎಂದು ಕೇಳಿದರೆ ಬಂಗಾರೆವ್ವ "ವಾಟರ್ ಡಿಪಾರ್ಟ್‌ಮೆಂಟು" ಎಂದು ಹೇಳಿ ಮಾತನ್ನು ಚಕ್ಕುಲಿಯ ಕಡೆಗೆ ತಿರುಗಿಸುತ್ತಿದ್ದಳು. ಇದಕ್ಕೂ ಸಿದ್ರಾಮಪ್ಪ ಬೇಸರ ಪಡುತ್ತಿರಲಿಲ್ಲ. ಅವನಿಗೆ ತನ್ನ ಕೆಲಸದ ಮೇಲೆ ಗುಟ್ಟಾದ ಪ್ರೀತಿಯಿತ್ತು. ಘಟಕದ ಕೊನೆಯ ಕೊಳದಲ್ಲಿ, ಕೊಲ್ಲಿಗೆ ಬಿಡುವ ಮೊದಲು, ನೀರು ಎಷ್ಟು ತಿಳಿಯಾಗಿರುತ್ತಿತ್ತೆಂದರೆ ಬೆಳಗಿನ ಹೊತ್ತು ಬೆಳ್ಳಕ್ಕಿಗಳು ಬಂದು ಅಂಚಿನಲ್ಲಿ ನಿಲ್ಲುತ್ತಿದ್ದವು. ವರ್ಷಕ್ಕೊಮ್ಮೆ ನೌಕರರ ಮನೆಯವರನ್ನು ಕರೆದು ಎಲ್ಲವನ್ನೂ ತೋರಿಸುವ ದಿನ ಇರುತ್ತಿತ್ತು. ಬೇರೆಯವರ ಹೆಂಡಂದಿರು ಮಕ್ಕಳನ್ನು ಎತ್ತಿಕೊಂಡು ಬಂದು ಆ ಕೊಳದ ಪಕ್ಕ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಬಂಗಾರೆವ್ವ ಒಂದು ವರ್ಷವೂ ಹೋಗಲಿಲ್ಲ. ತಾನು ತಿಳಿಮಾಡಿದ ನೀರಿನ ಪಕ್ಕ ಇವಳು ಒಂದು ದಿನ ಸುಮ್ಮನೆ ಕೂರಬೇಕು: ಇಷ್ಟೇ ಅವನ ಆಸೆ. ಹೇಳಿಕೊಳ್ಳಲು ಬಾರದಷ್ಟು ಚಿಕ್ಕದು, ಬಿಟ್ಟುಬಿಡಲು ಬಾರದಷ್ಟು ದೊಡ್ಡದು.

ನಿವೃತ್ತನಾದ ಮೇಲೆ ಅವನಿಗೆ ಕೈ ಖಾಲಿಯಾಯಿತು. ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಜೋಡಿಸಿದ. ನೆರೆಮನೆಯ ನಲ್ಲಿಗಳನ್ನೂ ಬಿಚ್ಚಿ ಜೋಡಿಸಿದ. ಹೀಗಿರುವಾಗ ಆ ವರ್ಷದ ವಸಂತದಲ್ಲಿ ಸುಮನ್‌ನ ಸಹೋದ್ಯೋಗಿ ಶ್ರೀಕಂಠನ ಫೋನು ಬಂತು. ಅವನು ಮೌಂಟನ್ ವ್ಯೂನ ಅಪಾರ್ಟ್‌ಮೆಂಟು ಬಿಟ್ಟು ಟೆಕ್ಸಾಸ್‌ಗೆ ಹೊರಟಿದ್ದ.

"ಅಂಕಲ್, ನನ್ನ ಹತ್ರ ಒಂದು ದೊಡ್ಡ ಫಿಶ್ ಟ್ಯಾಂಕಿದೆ. ಸಾಲ್ಟ್‌ವಾಟರ್‌ದು. ಫಿಲ್ಟರು, ಪಂಪು ಎಲ್ಲಾ ಇನ್ನೂ ಡಬ್ಬದಲ್ಲೇ ಇದೆ, ಒಂದಿನಾನೂ ಆನ್ ಮಾಡಿಲ್ಲ. ನೀವು ನೀರಿನೋರು, ನಿಮಗೇ ಕೊಡ್ಬೇಕು ಅನ್ನಿಸ್ತು."

"ನಿಮಗ ಬ್ಯಾಡೇನು?"

"ನನ್ ಹೆಂಡ್ತಿ ರಂಜನಿ ಹೇಳ್ಬಿಟ್ಟಿದಾಳೆ ಅಂಕಲ್. ಟ್ರಕ್ಕಲ್ಲಿ ಒಂದೋ ಈ ಟ್ಯಾಂಕ್ ಬರುತ್ತಂತೆ, ಇಲ್ಲಾ ಅವಳು ಬರ್ತಾಳಂತೆ."

ಆರಡಿ ಉದ್ದದ ಗಾಜಿನ ತೊಟ್ಟಿ ಒಂದು ಭಾನುವಾರ ಮನೆಗೆ ಬಂತು. ಸುಮನ್ ಮತ್ತು ಅವನ ಗೆಳೆಯರು ಏದುಸಿರು ಬಿಡುತ್ತ ಅದನ್ನು ಹೊತ್ತು ಬಾಗಿಲಲ್ಲಿ ನಿಂತಾಗ ಬಂಗಾರೆವ್ವ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು.

"ಇದರಾಗ ಏನ ಇಡಾವ್ರು?"

"ಸಮುದ್ರ," ಎಂದ ಸಿದ್ರಾಮಪ್ಪ.

"ಸಮುದ್ರ ಅಲ್ಲೇ ಐತೆಲ್ಲ, ಮುಕ್ಕಾಲ ತಾಸಿನ ಹಾದಿ. ನೋಡಬೇಕನಿಸಿದ್ರ ಹೋಗಿ ನೋಡಿ ಬರ್ರಿ. ಮನ್ಯಾಗ ಯಾಕ ತರ್ತೀರಿ?"

"ಅಮ್ಮಾ, ಇಟ್ಸ್ ವೆರಿ ಹೆವಿ," ಎಂದ ಸುಮನ್, ಗಾಜಿನ ಹಿಂದಿನಿಂದ.

"ಭಾರ ಇದ್ರ ಕೆಳಗಿಡು. ಒಳಗ ಮಾತ್ರ ಬ್ಯಾಡ."

ಅಂದು ಊಟದ ಹೊತ್ತಿಗೆ ಒಂದು ಒಪ್ಪಂದವಾಯಿತು. ಬಂಗಾರೆವ್ವನದೊಂದು ಭಜನೆಯ ಬಳಗವಿತ್ತು. ಧಾರವಾಡ, ಗದಗ, ಬಾಗಲಕೋಟೆ ಕಡೆಯ ಹೆಂಗಸರು ತಿಂಗಳಿಗೊಂದು ಮನೆಯಲ್ಲಿ ಸೇರಿ ಹಾಡುತ್ತಿದ್ದರು. ಶ್ರಾವಣದ ಪಾಳಿ ಇವರ ಮನೆಯದು.

"ಅವತ್ತ ಮುಂಜಾನೆ ನಾ ಪಡಸಾಲ್ಯಾಗ ನಿಂತು ಉಸರ ಎಳಕೋತೀನಿ," ಎಂದಳು ಬಂಗಾರೆವ್ವ. "ಒಂದ ಎಳಿ ವಾಸನಿ ಬಂತೋ, ಈ ಪೆಟಗಿ ಹೊರಗ. ಆಮ್ಯಾಲೆ ಗ್ಯಾರೇಜಿನ್ಯಾಗ ಇಡ್ತೀನಿ, ಹಿತ್ತಲದಾಗ ಇಡ್ತೀನಿ ಅನ್ನಂಗಿಲ್ಲ."

"ಬರಂಗಿಲ್ಲ," ಎಂದ ಸಿದ್ರಾಮಪ್ಪ.

"ಬಂದ್ರ?"

"ಬಂದ್ರ ನಾನ ಕೈಯಾರೆ ಬಿಚ್ಚತೀನಿ."

ಸುಮನ್ ಇಬ್ಬರ ಮುಖ ನೋಡಿ, "ಶುಡ್ ಐ ರೈಟ್ ದಿಸ್ ಡೌನ್?" ಎಂದು ಕೇಳಿದ. ಅಪ್ಪ ಆಗಲೇ ಗೋಡೆಯನ್ನು ಬೆರಳಿಂದ ತಟ್ಟಿ ತಟ್ಟಿ ಕಿವಿಗೊಡುತ್ತಿದ್ದ.

ಪಡಸಾಲೆಗೂ ಗ್ಯಾರೇಜಿಗೂ ನಡುವೆ ಒಂದೇ ಗೋಡೆ. ಅದೇ ಸಿದ್ರಾಮಪ್ಪನ ಉಪಾಯಕ್ಕೆ ಮೂಲ. ನೋಡಲು ಚಂದವಿರುವುದೆಲ್ಲ ಗೋಡೆಯ ಈಚೆಗೆ, ದುಡಿಯುವುದೆಲ್ಲ ಗೋಡೆಯ ಆಚೆಗೆ. ತೊಟ್ಟಿಯ ಮೂಲೆಯಲ್ಲಿ ಬಾಚಣಿಗೆಯ ಹಲ್ಲುಗಳಂಥ ಸೀಳುಗಳಿದ್ದ ಒಂದು ಕಪ್ಪು ಗೂಡು. ನೀರು ಆ ಹಲ್ಲುಗಳ ನಡುವೆ ಮೇಲುಗಡೆಯಿಂದಲೇ ತುಳುಕಿ ಒಳಗೆ ಬೀಳಬೇಕು, ಯಾಕೆಂದರೆ ಕೊಳೆ ಮೊದಲು ತೇಲುವುದು ಮೇಲ್ಮೈಯಲ್ಲಿ. ಅಲ್ಲಿಂದ ಕೊಳವೆ ಗೋಡೆ ದಾಟಿ ಗ್ಯಾರೇಜಿನಲ್ಲಿರುವ ಎರಡನೆಯ ತೊಟ್ಟಿಗೆ ಇಳಿಯುತ್ತದೆ. ಈ ಎರಡನೆಯದಕ್ಕೆ ಅಂಗಡಿಯವರ ಮಾತಿನಲ್ಲಿ ಸಂಪು ಎಂದು ಹೆಸರು. ಬಂಗಾರೆವ್ವ ಮೊದಲ ದಿನವೇ ಅದಕ್ಕೆ ಗಟಾರ ಎಂದು ಹೆಸರಿಟ್ಟಳು, ಆ ಹೆಸರೇ ನಿಂತಿತು.

ಗಟಾರದಲ್ಲಿ ಮೂರು ಕೋಣೆ. ಮೊದಲನೆಯದರಲ್ಲಿ ದಪ್ಪ ಬಟ್ಟೆಯ ಚೀಲ. ಮೇಲಿಂದ ಬಂದ ನೀರು ಅದರೊಳಗೆ ಸುರಿದು ಕಸವನ್ನು ಅಲ್ಲೇ ಬಿಟ್ಟು ಸೋಸಿ ಹೋಗುತ್ತದೆ. ಎರಡನೆಯದರಲ್ಲಿ ಸ್ಕಿಮ್ಮರ್ ಎನ್ನುವ ಎತ್ತರದ ಕೊಳವೆ. ಅದರ ತಳದಿಂದ ಹಿಟ್ಟಿನಷ್ಟು ಸಣ್ಣ ಗುಳ್ಳೆಗಳು ಏಳುತ್ತವೆ. ನೀರಿನಲ್ಲಿ ಕರಗಿದ ಜಿಡ್ಡು ಆ ಗುಳ್ಳೆಗಳಿಗೆ ಅಂಟಿ, ನೊರೆಯಾಗಿ ಮೇಲೇರಿ, ತಲೆಯ ಮೇಲಿನ ಬಟ್ಟಲಿಗೆ ಬೀಳುತ್ತದೆ. ಮೂರನೆಯದರಲ್ಲಿ ಸಾವಿರ ಸಣ್ಣ ರಂಧ್ರಗಳ ಕಲ್ಲುಗಳು, ಕೊನೆಗೆ ನೀರನ್ನು ಮತ್ತೆ ಪಡಸಾಲೆಗೆ ಏರಿಸುವ ಪಂಪು.

ಸ್ಕಿಮ್ಮರಿನ ಕೆಲಸವನ್ನು ಗಂಡ ವಿವರಿಸಿದಾಗ ಬಂಗಾರೆವ್ವ ಕಣ್ಣು ಕಿರಿದು ಮಾಡಿ, "ಅಂದ್ರ ಬೆಲ್ಲಾ ಕುದಿಸೂ ಮುಂದ ಮ್ಯಾಲೆ ಬರೂ ಹೊಲಸು ತಗೀತಾರಲ್ಲ, ಹಂಗ," ಎಂದಳು.

"ಥೇಟ್ ಹಂಗ."

"ಮತ್ತ ಅದಕ್ಕ ಇಷ್ಟುದ್ದ ಮಾತ್ಯಾಕ?"

ಗೋಡೆಗೆ ತೂತು ಕೊರೆದ ದಿನ ಮನೆಯೆಲ್ಲ ಸುಣ್ಣದ ಧೂಳು. ಮರುವಾರ ಬರೀ ಸಿಹಿನೀರು ತುಂಬಿಸಿ ಪಂಪು ಹಚ್ಚಿದರು. ನೀರು ಹಲ್ಲುಗಳ ನಡುವೆ ಸರಸರ ಇಳಿಯಿತು, ಗೋಡೆ ದಾಟಿತು, ಚೀಲದಲ್ಲಿ ಬುಳಬುಳಗುಟ್ಟಿತು, ತಿರುಗಿ ಮೇಲೇರಿತು. ಸುಮನ್ ಚಪ್ಪಾಳೆ ತಟ್ಟಿದ. ಅಪ್ಪ ತಕ್ಷಣ ಸ್ವಿಚ್ ಆರಿಸಿದ.

"ಅಪ್ಪಾ, ಯಾಕ್ ಆಫ್ ಮಾಡಿದ್ರಿ? ಇಟ್ ವಾಸ್ ವರ್ಕಿಂಗ್."

"ಕರೆಂಟು ಹೋಗೂ ದಿವಸ ನಮ್ಮನ್ನ ಕೇಳಿ ಹೋಗೂದಿಲ್ಲೋ. ಇವತ್ತ ನಾವ ತಗದು ನೋಡೂಣು."

ಪಂಪು ನಿಂತಿತು. ಆದರೆ ನೀರು ನಿಲ್ಲಲಿಲ್ಲ. ಮೇಲೇರುತ್ತಿದ್ದ ಕೊಳವೆ ಈಗ ತಾನೇ ತೊಟ್ಟಿಯ ನೀರನ್ನು ಹೀರಿ ಕೆಳಗೆ ಇಳಿಸತೊಡಗಿತ್ತು. ಗಟಾರ ತುಂಬಿ ತುಳುಕಿದ ನೀರು ಗ್ಯಾರೇಜಿನ ನೆಲದ ಮೇಲೆ ಹರಡಿ, ಸುಮನ್‌ನ ಹೊಸ ಬೂಟುಗಳನ್ನು ತೇಲಿಸಿಕೊಂಡು ಹೊರಟಿತು. ಸಿದ್ರಾಮಪ್ಪನಿಗೆ ಆನಂದವಾಯಿತು. "ಕಂಡ್ಯಾ? ಮೀನ ಇದ್ದಾಗ ಆಗಿದ್ರ?" ಎಂದವನೇ ಏಣಿ ಹತ್ತಿ, ಕೊಳವೆಯಲ್ಲಿ ನೀರಿನ ಮಟ್ಟಕ್ಕಿಂತ ಬೆರಳಷ್ಟು ಕೆಳಗೆ ಒಂದು ಸಣ್ಣ ತೂತು ಕೊರೆದ. ಮುಂದಿನ ಸಲ ಪಂಪು ನಿಂತಾಗ ನೀರು ಸ್ವಲ್ಪ ಇಳಿದು ತೂತು ತೆರೆದುಕೊಂಡಿತು, ಗಾಳಿ ಒಳನುಗ್ಗಿತು, ಹೀರುವುದು ನಿಂತಿತು. ಬೂಟುಗಳನ್ನು ಬಂಗಾರೆವ್ವ ಬಿಸಿಲಿಗಿಟ್ಟಳು. "ಸಮುದ್ರ ಇನ್ನೂ ಬಂದಿಲ್ಲ, ಆಗಲೇ ಹಡಗ ಹೊಂಟಾವು," ಎಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು.

ಆಮೇಲೆ ಉಪ್ಪು. ನಲ್ಲಿಯ ನೀರಿನಲ್ಲಿರುವ ಔಷಧ ಮೀನಿಗೆ ಆಗದು. ಆದ್ದರಿಂದ ಮೊದಲು ಅದನ್ನು ಶೋಧಿಸಿ, ದೊಡ್ಡ ಡ್ರಮ್ಮಿನಲ್ಲಿ ಸಮುದ್ರದ ಉಪ್ಪು ಕರಗಿಸಿ, ದಿನವೆಲ್ಲ ಕಲಕಿ, ಒಂದೊಂದೇ ಡ್ರಮ್ಮು ತುಂಬಬೇಕು. ನೀರು ತುಂಬಿತು. ಆದರೆ ಸಿದ್ರಾಮಪ್ಪ ಮೀನು ತರಲಿಲ್ಲ. ಬರಿಯ ನೀರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಬಂಗಾರೆವ್ವ ಎರಡು ದಿನ ನೋಡಿದಳು, ಮೂರನೆಯ ದಿನ ಕೇಳಿದಳು.

"ಯಾವಾಗ ಬರ್ತಾವು ಮೀನ?"

"ನೀರು ಇನ್ನೂ ಹಣ್ಣಾಗಿಲ್ಲ."

"ನೀರು ಹಣ್ಣಾಗೂದಂದ್ರೇನ್ರಿ?"

ಅವನು ಹೇಳಿದ. ಮೀನಿನ ಹೇಲು, ಉಚ್ಚೆ ನೀರಿನಲ್ಲಿ ವಿಷವಾಗುತ್ತದೆ. ಆ ವಿಷ ತಿಂದು ಬದುಕುವ ಜೀವಿಗಳಿವೆ, ಕಣ್ಣಿಗೆ ಕಾಣವು. ಅವು ಆ ರಂಧ್ರದ ಕಲ್ಲುಗಳಲ್ಲಿ ಮನೆ ಮಾಡಬೇಕು. ಒಂದು ಬಗೆಯವು ವಿಷವನ್ನು ಇನ್ನೊಂದು ವಿಷ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ತಿಂದು ಸೌಮ್ಯ ಮಾಡುತ್ತವೆ. ಚೀಲ, ನೊರೆ, ಪಂಪು ಎಲ್ಲ ಬರೀ ಆಳುಕಾಳು. ನಿಜವಾದ ಸೋಸುವಿಕೆ ಇವುಗಳದ್ದೇ. ಘಟಕದಲ್ಲಿ ಮೂವತ್ತು ವರ್ಷ ತಾನು ಸಾಕಿದ್ದೂ ಇವನ್ನೇ.

"ಅಂದ್ರ ಹೆಪ್ಪು ಹಾಕಬೇಕು," ಎಂದಳು ಬಂಗಾರೆವ್ವ. "ಬರೇ ಹಾಲಿನ ಮುಂದ ಕುಂತ್ರ ಮಸರ ಆಗತೈತೇನು? ಯಾರ ಕಡೆರೆ ಇಸಗೊಂಡ ಬರ್ರಿ."

ಕನ್ನಡಿಗರ ಕೂಟದಲ್ಲಿ ಪರಿಚಯವಾದ ಇಂಚರಾ ಎನ್ನುವ ಮೈಸೂರಿನ ಹುಡುಗಿ ಬರ್ಕ್ಲಿಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅವಳ ಬಾಡಿಗೆ ಮನೆಯಲ್ಲಿ ಹಳೆಯ ಉಪ್ಪುನೀರಿನ ತೊಟ್ಟಿಯೊಂದಿತ್ತು. ಹೆಪ್ಪಿಗೆ ಬೆಲೆ ಹೇಳುವವರುಂಟೇ ಎಂದು ನಕ್ಕು, ಬಕೆಟ್ಟಿನಲ್ಲಿ ನಾಲ್ಕು ನೇರಳೆ ಬಣ್ಣದ ಕಲ್ಲು ಕೊಟ್ಟು ಕಳಿಸಿದಳು. ಬಕೆಟ್ಟು ಮರಳಿಸುವಾಗ ಖಾಲಿ ಕೊಡಬಾರದೆಂದು ಬಂಗಾರೆವ್ವ ಅದರಲ್ಲಿ ಶೇಂಗಾ ಹೋಳಿಗೆಯ ಡಬ್ಬ ಇಟ್ಟಳು. ಮುಂದಿನ ವಾರ ಇಂಚರಾ, ಇನ್ನೂ ಕಲ್ಲು ಬೇಕೇ ಎಂದು ತಾನೇ ಫೋನು ಮಾಡಿದಳು.

ಈಗ ದಿನಾ ಪರೀಕ್ಷೆ. ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಹನಿ ಹಾಕಿ ಬಣ್ಣ ನೋಡಬೇಕು. ಹಳದಿಯಾದರೆ ಮೊದಲನೆಯ ವಿಷ ಇಲ್ಲ, ಹಸಿರಾದರೆ ಇದೆ. ಸಿದ್ರಾಮಪ್ಪ ಕನ್ನಡಕ ಏರಿಸಿ ಇಳಿಸಿ, "ಹಳದಿ ಆದಂಗ ಐತಿ," ಎನ್ನುತ್ತಿದ್ದ. ಅಡಿಗೆಮನೆಯಿಂದ ಹಾದುಹೋಗುತ್ತಿದ್ದ ಬಂಗಾರೆವ್ವ ಒಂದು ಸಲ ಕತ್ತು ಚಾಚಿದಳು.

"ಇದು ಹಳದಿ ಏನ್ರಿ? ಹಸರ ಬಡದೈತಿ. ಇಂಥಾ ಸೀರಿ ಹಳದಿ ಅಂತ ಕೊಟ್ರ ನಾ ಅಂಗಡ್ಯಾಂವಗ ತಿರುಗಿ ಒಗೀತಿದ್ದೆ."

ಅಂದಿನಿಂದ ಬಣ್ಣ ಹೇಳುವ ಕೆಲಸ ಅವಳದಾಯಿತು. ಎರಡನೆಯ ವಿಷದ ನಳಿಕೆಗೆ ಅವಳು ಬದನೆಕಾಯಿ ಎಂದಳು. ಆಮೇಲೆ ಕೆಲ ದಿನಕ್ಕೆ ಬದನೆಯ ಎಳೆಹೂವು ಎಂದಳು. ಒಂದು ಬೆಳಿಗ್ಗೆ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇವತ್ತ ಬದನಿ ಇಲ್ಲ, ಏನಿಲ್ಲ. ಬರೇ ಆಕಾಶ. ಹೆಪ್ಪಗಟ್ಟೈತಿ, ತಗೊಂಡ ಬರ್ರಿ ನಿಮ್ಮ ಮೀನ," ಎಂದಳು.

ಬಿಳಿ ಪಟ್ಟಿಯ ಕಿತ್ತಳೆ ಬಣ್ಣದ ಜೋಡಿಯೊಂದು ಬಂತು. ಆದರೆ ಅವು ತಿನ್ನುವುದು ಸಿಗಡಿ ಎಂದು ತಿಳಿದಾಗ ಬಂಗಾರೆವ್ವ ಸೊಂಟಕ್ಕೆ ಕೈಯಿಟ್ಟಳು. ಸಿಗಡಿಯ ಡಬ್ಬಕ್ಕಾಗಿ ಗ್ಯಾರೇಜಿನಲ್ಲಿ ಅಂಗೈಯಗಲದ ಬೇರೆ ಫ್ರಿಜ್ಜು ಬರಬೇಕಾಯಿತು.

"ಶಾಕಾಹಾರಿ ಮೀನ ಅನ್ನೂದ ಇಲ್ಲೇನು ಇಡೀ ಸಮುದ್ರದಾಗ?"

"ಐತಿ. ಹಳದೀದು. ಪಾಚಿ, ಎಲಿ ತಿಂತೈತಿ."

"ಅಂಥಾದ್ದಿತ್ತಂದ್ರ ಮೊದಲ ಅದನ್ನ ತರೂದ ಬಿಟ್ಟು. ನಮ್ಮ ಪೈಕಿ ಒಬ್ಬರರೆ ಇರಲಿ ಅದರಾಗ."

ಹಳದಿ ಮೀನು ಬಂತು. ಅಂಗೈಯಷ್ಟು ಚಪ್ಪಟೆ, ಬಿಸಿಲಿನ ತುಂಡೊಂದು ಈಜಿದಂತೆ. ಒಣಗಿದ ಕಡಲಪಾಚಿಯ ಹಾಳೆಯನ್ನು ಗಾಜಿಗೆ ಸಿಕ್ಕಿಸಿದರೆ ಚೂರು ಚೂರೇ ಕಿತ್ತು ತಿನ್ನುತ್ತಿತ್ತು. ಬಂಗಾರೆವ್ವ ಹೋಗುತ್ತ ಬರುತ್ತ ನಿಂತು ನೋಡುತ್ತಿದ್ದಳು. ನಿಂತು ನೋಡುತ್ತಿದ್ದಳು, ಅಷ್ಟೆ. ಕೂರುತ್ತಿರಲಿಲ್ಲ. ಪರೀಕ್ಷೆ ಇನ್ನೂ ಬಾಕಿಯಿತ್ತು.

ಶ್ರಾವಣ ಬಂತು. ಬಳಗ ಸೇರುವುದು ಶನಿವಾರ. ಬಂಗಾರೆವ್ವ ವಾರದ ಮೊದಲೇ ಮನೆ ತೊಳೆಯಲು ಶುರು ಮಾಡಿದಳು. ಪರದೆಗಳು, ದಿಂಬಿನ ಚೀಲಗಳು, ಹಿತ್ತಾಳೆಯ ದೀಪದ ಸಮೆಗಳು. ಗುರುವಾರ ಬೆಳಿಗ್ಗೆ ಸಿದ್ರಾಮಪ್ಪ ಉಪ್ಪು ತರಲು ಹೊರಟಾಗ ಹೆಂಡತಿಗೆ ಒಂದು ಮಾತು ಹೇಳಿದ.

"ಗಟಾರ ಕಡೆ ಸೋಪು, ಫಿನಾಯಿಲು ಏನೂ ಒಯ್ಯಬ್ಯಾಡ. ಒಂದ ಹನಿ ಬಿದ್ರೂ ಮೀನ ಉಳಿಯಂಗಿಲ್ಲ."

"ನನಗ ಬ್ಯಾರೆ ಕೆಲಸಿಲ್ಲೇನು ಗಟಾರ ಕಡೆ ಹೋಗಾಕ?"

ಅವನು ಮರಳಿ ಬಂದಾಗ ನೆರೆಮನೆಯ ನಾಯಿ ಇವರ ಡ್ರೈವ್‌ವೇಯಲ್ಲಿ ಕುಣಿಯುತ್ತಿತ್ತು. ಗ್ಯಾರೇಜಿನ ಬಾಗಿಲ ಕೆಳಗಿಂದ ನೊರೆ ಹರಿದು ಬರುತ್ತಿತ್ತು. ಬಿಳಿಯ, ದಪ್ಪನೆಯ, ನಿಲ್ಲದ ನೊರೆ. ನಾಯಿ ಅದನ್ನು ಮೂಗಿನಿಂದ ಹಾರಿಸಿ ಬೊಗಳುತ್ತಿತ್ತು. ಸಿದ್ರಾಮಪ್ಪ ಬಾಗಿಲು ಎತ್ತಿದ. ಒಳಗೆ ಮೊಣಕಾಲವರೆಗೆ ನೊರೆ. ಸ್ಕಿಮ್ಮರಿನ ತಲೆಯಿಂದ ಅದು ಉಕ್ಕಿ ಉಕ್ಕಿ ಬೀಳುತ್ತಿತ್ತು. ವಾರದ ಕೊಳೆ ತುಂಬಿದ್ದ ಬಟ್ಟಲನ್ನು ಅದೇ ನೊರೆ ಹೊರಗೆ ಚೆಲ್ಲಿ, ಹಸಿರುಗಪ್ಪು ರಾಡಿಯನ್ನು ನೆಲದುದ್ದಕ್ಕೂ ಹರಡಿತ್ತು. ಆ ವಾಸನೆ ಅವನಿಗೆ ಮೂವತ್ತು ವರ್ಷದ ಪರಿಚಯದ್ದು. ಒಳಬಾಗಿಲ ಸಂದಿಯಿಂದ ಅದು ಪಡಸಾಲೆಗೂ ಹೋಗಿತ್ತು.

ಸ್ಕಿಮ್ಮರ್ ಆರಿಸಿ ಒಳಗೆ ಓಡಿದ. ಮೂರೂ ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಹಳದಿಯ ಬಣ್ಣ ಮಂಕಾಗಿತ್ತು. ಬಂಗಾರೆವ್ವ ಪಡಸಾಲೆಯ ನಡುವೆ ಸೆರಗನ್ನು ಮೂಗಿಗೆ ಒತ್ತಿ ನಿಂತಿದ್ದಳು.

ಸಿದ್ರಾಮಪ್ಪ ನೆಲ ನೋಡಿದ. "ನನ್ನ ಲೆಕ್ಕ ಎಲ್ಲೋ ತಪ್ಪೈತಿ," ಎಂದ. "ಮಾತು ಅಂದ್ರ ಮಾತು. ಇವತ್ತ ಮೀನ ಇಂಚರಾನ ಕಡೆ ಕಳಸ್ತೀನಿ. ನಾಳೆ ಸುಮನ್ ಬಂದ್ರ ಇದನ್ನ ಎತ್ತಸ್ತೀನಿ. ಶನಿವಾರ ಮುಂಜಾನೆ ಪಡಸಾಲಿ ನಿನ್ನ ಕೈಯಾಗ."

ಅವನು ಬಕೆಟ್ಟು ತರಲು ಗ್ಯಾರೇಜಿನ ಕಡೆ ತಿರುಗಿದ. ಅರ್ಧ ದಾರಿಗೆ ಅವಳ ಧ್ವನಿ ಬಂತು.

"ಆ ಚೀಲ ನಾ ತೊಳದೆ."

"ಯಾವ ಚೀಲ?"

"ಗಟಾರದಾಗಿನ ಬಟ್ಟೀ ಚೀಲ. ನಾರತಿತ್ತು. ಶನಿವಾರಕ್ಕ ನೀವು ಸೋಲಬಾರದಂತ ತೊಳದು ಹಾಕಿದೆ."

ಸಿದ್ರಾಮಪ್ಪ ನಿಂತಲ್ಲೇ ನಿಂತ. "ಸೋಪು ಹಚ್ಚಿದಿ?"

"ಸೋಪು ಯಾಕ ಹಚ್ಚಲಿ? ನೀವು ಬ್ಯಾಡಂದಿದ್ರಲ್ಲ. ಅಂಟವಾಳಕಾಯಿ ಪುಡೀಲೆ ತೊಳದೆ. ರೇಷ್ಮಿ ಸೀರೀಗೆ ಹಾಕೂದು, ಮೆತ್ತಗ. ಎರಡು ನೀರಾಗ ಹಿಂಡೇನಿ ಮತ್ತ."

ಅವನ ಮುಖ ಮೊದಲು ಬಿಗಿಯಿತು, ಆಮೇಲೆ ಸಡಿಲಾಯಿತು, ಆಮೇಲೆ ಹೊಟ್ಟೆಯ ಆಳದಿಂದ ನಗು ಏರಿ ಬಂತು. ಗೋಡೆಗೆ ಕೈಯೂರಿ ನಕ್ಕ.

"ನಗಾಕ ಏನಾಗೈತಿ ಈಗ? ಮೀನ ಸಾಯಾಕತ್ತಾವು."

"ಅಂಟವಾಳ ಸೋಪಿನ ತಾಯಿ ಹೌದಲ್ಲೇ. ಆ ದಪ್ಪ ಚೀಲ ಎರಡು ನೀರಿಗೆ ಬಿಟ್ಟುಕೊಡತೈತೇನು? ನನ್ನ ಲೆಕ್ಕ ತಪ್ಪಿಲ್ಲ. ನೀ ಹಾಕಿದ್ದನ್ನ ಆ ಸ್ಕಿಮ್ಮರ್ ಹೊರಗ ಒಗ್ಯಾಕತ್ತಿತ್ತು. ನೋಡು, ಎಷ್ಟು ಒಗದೈತಿ, ಹಾದೀತನಕ ಒಗದೈತಿ. ನಾ ಹುಚ್ಚರಂಗ ಅದನ್ನ ಬಂದ್ ಮಾಡಿ ಬಂದೆ."

ಬಂಗಾರೆವ್ವ ಸೆರಗನ್ನು ಮೂಗಿನಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. "ಹಂಗಾರ ಈ ವಾಸನಿ ನಂದು. ನಿಮ್ಮ ಲೆಕ್ಕದಾಗ ಹಿಡ್ಯಾಂಗಿಲ್ಲ. ಪರೀಕ್ಷಾ ಶನಿವಾರ ಐತಿ, ಶನಿವಾರ ಅಂದ್ರ ಶನಿವಾರ. ಈಗ ಏನ ಮಾಡೂದು ಹೇಳ್ರಿ."

ಮೂವತ್ತು ವರ್ಷದಲ್ಲಿ ಮೊದಲ ಸಲ ಬಂಗಾರೆವ್ವ ಗಂಡನ ಕೆಲಸಕ್ಕೆ ಇಳಿದಳು. ಅವನು ಚೀಲ ಕಿತ್ತೆಸೆದ, ಸ್ಕಿಮ್ಮರನ್ನು ಮತ್ತೆ ಹಚ್ಚಿ ಅದರ ಬಾಯಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಬಕೆಟ್ಟಿಗೆ ಬಿಟ್ಟ. ಬಕೆಟ್ಟು ತುಂಬಿದ ಹಾಗೆ ಅವಳು ಹೊತ್ತು ಸುರಿದಳು. ಹೊಸ ಉಪ್ಪುನೀರಿನ ಡ್ರಮ್ಮೊಂದು ಯಾವಾಗಲೂ ಸಿದ್ಧವಿರುತ್ತಿತ್ತು, ಘಟಕದಲ್ಲಿ ಕಲಿತ ಅಭ್ಯಾಸ. ತೊಟ್ಟಿಯಿಂದ ಹಳೆಯ ನೀರು ಇಳಿಸುವಾಗ ಅವಳು ಕೊಳವೆಯ ಒಂದು ತುದಿ ಹಿಡಿದಳು, ಹೊಸ ನೀರು ಏರಿಸುವಾಗ ಇನ್ನೊಂದು ತುದಿ. ಇದ್ದಿಲಿನ ಹರಳುಗಳನ್ನು ಹೊಸ ಚೀಲಕ್ಕೆ ತುಂಬಿ, ನೀರು ಬೀಳುವ ಬಾಯಿಗೆ ಕಟ್ಟಿದರು. ಉಳಿದ ವಿಷವನ್ನು ಅದು ಹೀರಬೇಕು.

"ಸಾಕೇನು?"

"ಇನ್ನೊಂದ ಬಕೀಟು."

"ಈ ಕೆಲಸಾನ ಮಾಡ್ತಿದ್ರೇನು ಅಲ್ಲಿ ದಿನಾ?"

"ಇದಕ್ಕಿಂತ ಸ್ವಲ್ಪ ದೊಡ್ಡ ಬಕೀಟು."

ನಗುವಿನಿಂದ ಅವಳ ಕೈಯಲ್ಲಿದ್ದ ಬಕೆಟ್ಟು ತುಳುಕಿ ಸೀರೆಯ ನಿರಿಗೆಗಳ ಮೇಲೆಲ್ಲ ನೊರೆಯಾಯಿತು. ಅವಳು ಅದನ್ನು ಗಂಡನ ಬನಿಯನ್ನಿಗೆ ಒರೆಸಿದಳು. ಆ ಹೊತ್ತಿಗೆ ಫೋನಿನಲ್ಲಿ ಸುದ್ದಿ ತಿಳಿದು ಸುಮನ್ ಆಫೀಸಿನಿಂದಲೇ ಬಂದ. ಅರವತ್ತು ದಾಟಿದ ಅಪ್ಪ ಅಮ್ಮ ಮೊಣಕಾಲುದ್ದ ನೊರೆಯಲ್ಲಿ ನಿಂತು ಒಬ್ಬರಿಗೊಬ್ಬರು ಗುಳ್ಳೆ ಊದುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತ.

"ಐ ಕ್ಯಾನ್ ಕಮ್ ಬ್ಯಾಕ್ ಲೇಟರ್," ಎಂದ.

"ಎಲ್ಲಿ ಹೋಗ್ತೀ? ಪ್ಯಾಂಟ್ ಏರಸ್ಕೋ, ಪೈಪ್ ಹಿಡಿ," ಎಂದಳು ಅಮ್ಮ.

ಸಂಜೆಯ ಬಿಸಿಲು ಕಿಟಕಿಯಿಂದ ತೊಟ್ಟಿಯ ಮೇಲೆ ಬೀಳುವಾಗ ಸ್ಕಿಮ್ಮರಿನ ನೊರೆ ತೆಳ್ಳಗಾಗಿತ್ತು. ಕಿತ್ತಳೆ ಜೋಡಿ ತಮ್ಮ ಕಲ್ಲಿನ ಸಂದಿಗೆ ಇಳಿದವು. ಹಳದಿ ಮೀನು ಮಾತ್ರ ಮೇಲೆಯೇ ಇತ್ತು. ಬಂಗಾರೆವ್ವ ಸೀರೆ ಬದಲಿಸಲೂ ಹೋಗದೆ ಅದರ ಮುಂದೆ ನಿಂತಳು. "ಇದು ನಮ್ಮ ಪೈಕೀದು. ಇದಕ್ಕೇನರೆ ಆದ್ರ ನಾ ಯಾರಿಗೆ ಮಾರಿ ತೋರಿಸಲಿ?" ಎಂದಳು. ಶುಕ್ರವಾರ ಬೆಳಿಗ್ಗೆ ಅದು ಕಡಲಪಾಚಿಯನ್ನು ಮೂಸಿ ಬಿಟ್ಟಿತು. ಮಧ್ಯಾಹ್ನ ಒಂದು ಚೂರು ಕಿತ್ತಿತು, ಉಗುಳಿತು. ಬಂಗಾರೆವ್ವ ಗ್ಯಾರೇಜಿನ ನೆಲವನ್ನು ಲಿಂಬೆರಸ ಹಿಂಡಿದ ನೀರಿನಲ್ಲಿ ಉಜ್ಜಿ, ಎಲ್ಲ ಕಿಟಕಿ ತೆರೆದು, ಮತ್ತೆ ಬಂದು ನೋಡಿದಳು. ಪಾಚಿಯ ಹಾಳೆ ಅರ್ಧವಾಗಿತ್ತು. ಅಡಿಗೆಮನೆಯಿಂದ ಅವಳು ಹಾಡು ಗುನುಗುವುದು ಸಿದ್ರಾಮಪ್ಪನಿಗೆ ಕೇಳಿತು.

ಶನಿವಾರ ಬೆಳಿಗ್ಗೆ ಅವಳು ಮಿಂದು, ಹಣೆಗೆ ವಿಭೂತಿ ಹಚ್ಚಿ, ಪಡಸಾಲೆಯ ಕಿಟಕಿಗಳನ್ನೆಲ್ಲ ಮುಚ್ಚಿದಳು. ಊದಿನಕಡ್ಡಿ ಹಚ್ಚಲಿಲ್ಲ, ಒಗ್ಗರಣೆ ಹಾಕಲಿಲ್ಲ. ಸಿದ್ರಾಮಪ್ಪನನ್ನು ಕರೆದು ಬಾಗಿಲ ಪಕ್ಕ ನಿಲ್ಲಿಸಿದಳು. ನಡುವೆ ನಿಂತು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದಳು. ತೊಟ್ಟಿಯ ಹತ್ತಿರ ಹೋಗಿ ಮತ್ತೊಮ್ಮೆ ಎಳೆದಳು. ಸಿದ್ರಾಮಪ್ಪನಿಗೆ ಅಷ್ಟು ಹೊತ್ತು ಉಸಿರೇ ಇರಲಿಲ್ಲ.

"ಐತಿ," ಎಂದಳು.

"ಏನು?"

"ವಾಸನಿ ಐತಿ."

ಅವನು ಮೂಗು ಅರಳಿಸಿದ. ಅವನಿಗೇನೂ ತಿಳಿಯಲಿಲ್ಲ. ಗೋಡೆಯ ಆಚೆ ಪಂಪು ಮೆಲ್ಲಗೆ ಗುಂಯ್‌ಗುಡುತ್ತಿತ್ತು.

"ಎಂಥಾದ್ದು?"

"ಲಗ್ನ ಆದ ವರ್ಷ ಗೋಕರ್ಣಕ್ಕ ಕರಕೊಂಡು ಹೋಗಿದ್ರಲ್ಲ. ಬಸ್ಸಿಳದ ಕೂಡ್ಲೆ ಬಂದಿತ್ತು, ಇನ್ನೂ ನೀರು ಕಾಣತಿರಲಿಲ್ಲ. ಅಂಥಾದ್ದು." ಅವಳು ಇನ್ನೊಮ್ಮೆ ಉಸಿರೆಳೆದಳು, ಈ ಸಲ ಪರೀಕ್ಷೆಗಲ್ಲ. "ಉಪ್ಪು, ತಂಪು. ಭಾಳ ಸಣ್ಣಗ ಐತಿ."

"ಹಂಗಾರ..." ಎಂದ ಸಿದ್ರಾಮಪ್ಪ. "ಒಂದ ಎಳಿ ಬಂದ್ರೂ ಹೊರಗ ಅಂದಿದ್ದಿ."

"ಅಂದಿದ್ದೆ. ಅವತ್ತ ನಾ ಕೆಟ್ಟ ವಾಸನಿ ಲೆಕ್ಕಾ ಹಾಕಿದ್ದೆ. ಚೊಲೊ ವಾಸನಿ ಬಂದ್ರ ಏನಂತ ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ." ಅವಳು ಕಿಟಕಿಯ ಕೆಳಗೆ ಹಾಸಿದ್ದ ಜಮಖಾನೆಯ ಒಂದು ತುದಿ ಹಿಡಿದಳು. "ಆ ಕಡೆ ಹಿಡೀರಿ. ಇಲ್ಲಿ ಹಾಸೂಣು. ಎಲ್ಲಾರೂ ಇದರ ಮಾರಿ ನೋಡ್ಕೊಂತ ಕುಂದರಲಿ."

ಹತ್ತು ಗಂಟೆಗೆ ಬಳಗ ಬಂತು. ಬಣ್ಣ ಬಣ್ಣದ ಇಳಕಲ್ಲು ಸೀರೆಗಳು ಬಾಗಿಲಲ್ಲಿ ಕಾಣುತ್ತಲೇ ಮೀನುಗಳು ಗಾಜಿನ ಹತ್ತಿರಕ್ಕೆ ಬಂದವು, ಯಾರು ಯಾರನ್ನು ನೋಡಲು ಬಂದರೋ ತಿಳಿಯಲಿಲ್ಲ. ಗದಗಿನ ಕಡೆಯ ಪ್ರಭಾ ಎನ್ನುವವರು ಕುಳಿತುಕೊಳ್ಳುವ ಮೊದಲೇ ಗಾಜಿಗೆ ಮೂಗು ಹಚ್ಚಿದರು.

"ಅಯ್ಯ, ಇಷ್ಟು ತಿಳಿ ನೀರು. ನೀರ ಇಲ್ಲೋ ಅನ್ನಂಗ ಐತಿ. ಯಾರಿಗೆ ರೊಕ್ಕಾ ಕೊಟ್ಟು ಮಾಡಿಸಿದ್ರಿ ಬಂಗಾರಕ್ಕಾ?"

"ರೊಕ್ಕಾ ಯಾಕ? ನಮ್ಮನ್ಯಾವ್ರ ಮಾಡ್ಯಾರ," ಎಂದಳು ಬಂಗಾರೆವ್ವ. "ಗ್ವಾಡಿ ಆಚೆ ಬರ್ರಿ, ಅಸಲಿ ಕೆಲಸ ಅಲ್ಲೈತಿ. ಸೀರಿ ಎತ್ತಿ ಹಿಡೀರಿ ಅಷ್ಟ."

ಹಾಡು ಶುರುವಾಗುವುದು ತಡವಾಯಿತು. ರೇಷ್ಮೆಯ ಸಾಲೊಂದು ಗ್ಯಾರೇಜಿನಲ್ಲಿ ಗಟಾರದ ಸುತ್ತ ಬಗ್ಗಿ ನಿಂತಿತ್ತು, ಬಂಗಾರೆವ್ವ ಸೌಟಿನಿಂದ ಒಂದೊಂದೇ ಕೋಣೆ ತೋರಿಸುತ್ತಿದ್ದಳು. ಮನೆಗೆ ಒಯ್ಯಲು ಇಂಥ ಕಲ್ಲು ಸಿಗುತ್ತದೆಯೇ ಎಂದು ಒಬ್ಬರು ಕೇಳಿದರು. ಮೊದಲು ಬಕೆಟ್ಟು ತನ್ನಿ ಎಂದಳು. ಸಿದ್ರಾಮಪ್ಪ ಹಿಂದೆ ಒಂದು ಡ್ರಮ್ಮಿನ ಮೇಲೆ ಕೂತು ಎಲ್ಲವನ್ನೂ ಕೇಳಿದ. ಎರಡು ಕಡೆ ಅವಳು ತಪ್ಪು ಹೇಳಿದಳು. ಅವನು ತಿದ್ದಲಿಲ್ಲ.

ಎಲ್ಲರೂ ಉಂಡು ಹೊರಟ ಮೇಲೆ ಮಧ್ಯಾಹ್ನದ ಮನೆ ಸುಮ್ಮನಾಯಿತು. ಬಂಗಾರೆವ್ವ ತನ್ನ ತಾಟು ಬಡಿಸಿಕೊಂಡು ಬಂದು, ಜಮಖಾನೆಯ ಮೇಲೆ, ತೊಟ್ಟಿಯ ಪಕ್ಕಕ್ಕೆ, ಗಾಜಿಗೆ ಭುಜ ತಾಗುವಷ್ಟು ಹತ್ತಿರ ಕಾಲು ಚಾಚಿ ಕುಳಿತಳು. ನೀರಿನ ಬೆಳಕು ಅವಳ ಕೆನ್ನೆಯ ಮೇಲೆ, ಬಳೆಯ ಮೇಲೆ, ತಾಟಿನಲ್ಲಿದ್ದ ಜೋಳದ ರೊಟ್ಟಿಯ ಮೇಲೆ ಅಲುಗಾಡುತ್ತಿತ್ತು. ಸಿದ್ರಾಮಪ್ಪ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದ. ಒಳಗೆ ಬಂದು ಮಾತಾಡಿದರೆ ಆ ಬೆಳಕು ಕದಡಿಬಿಟ್ಟೀತು ಎನ್ನುವ ಹಾಗೆ ನಿಂತ.

ಅವಳು ತುತ್ತು ಮುರಿದವಳು ಬಾಯಿಗಿಡಲಿಲ್ಲ. ಹಳದಿ ಮೀನು ಗಾಜಿನಾಚೆ ಅವಳ ಬೆರಳನ್ನೇ ನೋಡುತ್ತಿತ್ತು.

"ರೀ, ಅಲ್ಲೇನ ನಿಂತೀರಿ? ಇದು ನಾ ಕುಂತಾಗಿಂದ ನನ್ನ ತಾಟ ನೋಡಾಕತ್ತೈತಿ. ಮೊದಲ ಇದಕ್ಕ ಎಲಿ ಹಾಕ್ರಿ. ಆಮ್ಯಾಲೆ ನೀವೂ ತಾಟ ತಗೊಂಡ ಬರ್ರಿ."